ಮನೆಯಿಂದ ಶೆಡ್ಡಿಗೆ ಅರವತ್ತು ಅಡಿ

ಮಿಸ್ತ್ರಿ ಕಾಕಾ ಹೋದ ತಿಂಗಳು ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರೈತರು. ಅವರು ಕಾಕಾನ ಬಗ್ಗೆ ಮಾತಾಡಿದ್ದಕ್ಕಿಂತ ತಮ್ಮ ತಮ್ಮ ಮೋಟರಿನ ಬಗ್ಗೆ ಮಾತಾಡಿದ್ದೇ ಹೆಚ್ಚು. ಅಗರಖೇಡದಿಂದ ಬಂದಿದ್ದ ಒಬ್ಬರು, ಕಾಕಾ ಕಟ್ಟಿಕೊಟ್ಟ ತಮ್ಮ ಬಾವಿಯ ಮೋಟರು ಹನ್ನೊಂದು ವರ್ಷದಿಂದ ಒಮ್ಮೆಯೂ ಸುಟ್ಟಿಲ್ಲವೆಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಹೊಗಳಿಕೆ ಅಂದರೆ ಹೀಗಿರಬೇಕು. ನಾನು ನಿವೃತ್ತನಾಗುವ ದಿನ ನನ್ನ ಬಗ್ಗೆ ಆಡಲಿರುವ ಭಾಷಣಗಳನ್ನು ನೆನೆದುಕೊಂಡು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನಾನು ಸಿಂದಗಿಯಲ್ಲಿ ಹೈಸ್ಕೂಲು ಮಾಸ್ತರ, ವಿಜ್ಞಾನ ಹೇಳುತ್ತೇನೆ. ಅವರ ಮಗ್ಗುಲ ಮನೆಯಲ್ಲಿ ಬಾಡಿಗೆಗಿದ್ದೇನೆ. ನಡುವೆ ಎದೆಮಟ್ಟದ ಗೋಡೆ. ಚಹಾದ ಕಪ್ಪು, ಬದನೆಕಾಯಿ, ತಕರಾರು ಎಲ್ಲವೂ ಅದರ ಮೇಲಿಂದಲೇ ಆಚೀಚೆ ಆಗುತ್ತಿದ್ದವು. ಅವರ ಹೆಸರು ಹೇಳುವುದಿಲ್ಲ. ಹೇಳಿದರೂ ಊರಲ್ಲಿ ಗುರುತು ಸಿಗಲಿಕ್ಕಿಲ್ಲ, ಮಗಳ ಮದುವೆಯ ಕಾರ್ಡಿನ ಮೇಲೆ ಕೂಡ ಅವರು ‘ಮೋಟರ್ ಮಿಸ್ತ್ರಿ’ ಎಂದೇ ಹಾಕಿಸಿದ್ದರು. ಸುಟ್ಟ ಮೋಟರಿನ ಹೊಟ್ಟೆ ಬಗೆದು, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಅವರ ಕೆಲಸ. ಗಿಡ್ಡ ಆಳು. ಮೈಗೆ ಸದಾ ವಾರ್ನಿಶಿನ ವಾಸನೆ. ಮಾತು ಕಡಿಮೆ, ಆಡಿದರೆ ಮುಖಕ್ಕೆ ಹೊಡೆದ ಹಾಗೆ.

‘ಮೋಟರ್ ತಾನ ಸುಟ್ಟ ಬಿಡ್ತ್ರೀ ಕಾಕಾ’ ಎಂದು ಯಾವನಾದರೂ ರೈತ ಬಂದು ನಿಂತರೆ ಮುಗಿಯಿತು. ‘ಮೋಟರ್ ತಾನ ಸುಡೂದಿಲ್ಲೋ ತಮ್ಮಾ, ನೀ ಸುಟ್ಟಿ. ನೀರಿಲ್ದ ಬಾವಿಗೆ ಹಚ್ಚಿಟ್ಟು ಊರಿಗೆ ಹೋಗಿ ಕುಂತ್ರ ಅದರ ಏನ ಮಾಡ್ಬೇಕು?’ ಎನ್ನುತ್ತಿದ್ದರು. ರೈತ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಬೈಸಿಕೊಳ್ಳುವುದೂ ರಿಪೇರಿಯ ಒಂದು ಭಾಗ ಎಂದು ಎಲ್ಲರಿಗೂ ಗೊತ್ತಿತ್ತು.

ಅವರ ಮನೆ ಕಲ್ಲು ಮಣ್ಣಿನದು. ಗೋಡೆ ಎರಡು ಮೊಳ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಹಿತ್ತಲಲ್ಲೊಂದು ಬೇವಿನ ಮರ, ಅದರಾಚೆ ತಗಡಿನ ಶೆಡ್ಡು. ಮನೆಯ ಹಿಂಬಾಗಿಲಿನಿಂದ ಶೆಡ್ಡಿನ ಬಾಗಿಲಿಗೆ ಅರವತ್ತು ಅಡಿ. ಈ ಲೆಕ್ಕ ನನಗೆ ಬಾಯಿಪಾಠ, ಯಾಕೆಂದರೆ ಅದನ್ನು ನಾವಿಬ್ಬರೂ ಟೇಪು ಹಿಡಿದು ಮೂರು ಸಲ ಅಳೆದಿದ್ದೇವೆ.

ಕಾಕುಗೆ, ಅಂದರೆ ಅವರ ಹೆಂಡತಿಗೆ, ಲಕ್ವಾ ಹೊಡೆದು ಎಡಮೈ ಬಿದ್ದುಹೋಗಿತ್ತು. ಬಾಯಿಗೆ ಏನೂ ಆಗಿರಲಿಲ್ಲ. ‘ದೇವ್ರು ಬ್ಯಾರೇ ಎಲ್ಲಾ ಒಯ್ದ, ಮಾತ ಬಿಟ್ಟ. ಇವ್ರ ಮ್ಯಾಲೆ ಅವಗೂ ಸಿಟ್ಟಿತ್ತು’ ಎಂದು ಗಂಡನ ಕಡೆ ಕೈ ಮಾಡಿ ನಗುತ್ತಿದ್ದರು. ಕಾಕಾ ತಾಸಿಗೊಮ್ಮೆ ಶೆಡ್ಡಿನಿಂದ ಬಂದು ನೋಡಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಅವರು ಶೆಡ್ಡಿನಲ್ಲಿ ಕಟ್ಟಿದ ಮೋಟರೊಂದನ್ನು ಹಚ್ಚಿ ಪರೀಕ್ಷೆ ಮಾಡುತ್ತಿದ್ದಾಗ ಕಾಕು ಹೊರಸಿನಿಂದ ಕೆಳಗೆ ಬಿದ್ದರು. ಕೂಗಿದರು. ಮೋಟರಿನ ಸದ್ದಿನಲ್ಲಿ ಕೇಳಲಿಲ್ಲ. ಮುಕ್ಕಾಲು ತಾಸು ಆಕೆ ನೆಲದ ಮೇಲೆ ಮುಖ ಕೆಳಗಾಗಿ ಬಿದ್ದಿದ್ದರು. ಮರುದಿನ ಕಾಕಾ ಶೆಡ್ಡಿಗೆ ಕೀಲಿ ಹಾಕಿದರು.

ಆ ಕೀಲಿ ನಾಲ್ಕು ತಿಂಗಳು ತೆಗೆಯಲಿಲ್ಲ. ರೈತರು ಟಂಟಂ ಗಾಡಿಯಲ್ಲಿ ಮೋಟರು ಹೇರಿಕೊಂಡು ಬಂದು ಬಾಗಿಲಲ್ಲಿ ನಿಂತು ವಾಪಸು ಹೋದರು. ಕಾಕಾ ಹೊರಸಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಸುಮ್ಮನೆ ಕೂರಲು ಬಾರದ ಮನುಷ್ಯ. ಕಾಕುನ ಔಷಧದ ಪೊಟ್ಟಣಕ್ಕೆ ಕಟ್ಟಿದ ದಾರವನ್ನು ಬಿಚ್ಚಿ ಬೆರಳಿಗೆ ಸುತ್ತುವುದು, ಮತ್ತೆ ಬಿಚ್ಚುವುದು. ನಾನು ಹೋದರೆ ಕಾಕು ನಗುತ್ತಲೇ ಗೋಳು ತೋಡಿಕೊಳ್ಳುತ್ತಿದ್ದರು.

‘ಮಾಸ್ತರ, ಇವ್ರನ್ನ ಎಲ್ಲಿಗರ ಕರ್ಕೊಂಡ ಹೋಗ್ರಿ. ಹಿಂಗ ಎದುರಿಗೆ ಕುಂತು ಮಾರಿ ನೋಡಾಕತ್ರ ನಾ ಲಕ್ವಾದಿಂದ ಅಲ್ಲ, ಇವ್ರಿಂದ ಸಾಯ್ತೇನಿ.’

‘ಶೆಡ್ಡು ಮಾರತೇನಿ. ತಗಡಿಗೆ ಗಿರಾಕಿ ಬಂದಾನ’ ಎಂದರು ಕಾಕಾ, ದಾರದಿಂದ ಕಣ್ಣು ತೆಗೆಯದೆ.

ಕಾಕು ನಗು ನಿಲ್ಲಿಸಿದರು. ಅವತ್ತು ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಮನೆಗೆ ಇಂಟರ್ನೆಟ್ ಹಾಕಿಸೋಣ, ಹೊರಸಿನ ಎದುರು ಒಂದು ಕ್ಯಾಮೆರಾ ಇಡೋಣ, ಕಾಕಾ ಶೆಡ್ಡಿನಲ್ಲಿ ಕೂತು ಫೋನಿನಲ್ಲಿ ನೋಡುತ್ತ ಕೆಲಸ ಮಾಡಲಿ ಎಂದೆ. ಆದ್ದರಿಂದ ಆಮೇಲೆ ಆದದ್ದರಲ್ಲೆಲ್ಲ ನಾನೂ ಪಾಲುದಾರ. ‘ಅಷ್ಟ್ಯಾಕ, ಕಾಕುನ ಕೈಯಾಗ ಒಂದು ಗಂಟೀ ಗುಂಡಿ ಕೊಟ್ರ ಸಾಕಲ್ಲ?’ ಎಂದು ನಾನೇ ಕೇಳಿದೆ ಕೂಡ.

‘ಗುಂಡಿ ಒತ್ತಾಕ ಕೈ ಬೇಕಲ್ರಿ, ಮಾಸ್ತರ. ಅವತ್ತ ಆಕಿ ಇದ್ದೊಂದು ಕೈನೂ ಮೈ ಕೆಳಗ ಸಿಕ್ಕಿತ್ತು’ ಎಂದರು ಕಾಕಾ. ‘ಕಣ್ಣಿಗೆ ಕಾಣಬೇಕು. ಕಂಡ್ರ ಶೆಡ್ಡು ತೆಗಿತೇನಿ.’

ಕೇಬಲ್ಲಿನವರು ಬಂದು ವೈಫೈ ಪೆಟ್ಟಿಗೆ ಕೂಡಿಸಿ ಹೋದರು. ಎಲ್ಲಿಡಬೇಕೆಂದು ಕಾಕುನನ್ನು ಕೇಳಿದ್ದರು; ಬೆಲೆಬಾಳುವ ವಸ್ತು ಎಲ್ಲಿರಬೇಕೋ ಅಲ್ಲಿಡಲು ಅವರು ಹೇಳಿದ್ದರು. ನಮ್ಮ ಕಡೆ ಮನೆಗಳಲ್ಲಿ ಗೋಡೆಯುದ್ದಕ್ಕೂ ಎತ್ತರದಲ್ಲೊಂದು ಹಲಗೆ ಇರುತ್ತದೆ. ಅದರ ಮೇಲೆ ತವರಿನಿಂದ ಬಂದ ಹಿತ್ತಾಳೆ ಕೊಡಗಳು, ತಾಮ್ರದ ಹಂಡೆ, ಸ್ಟೀಲಿನ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಆ ಸಾಲಿನ ಹಿಂದೆ, ಧೂಳು ತಾಗದ ಹಾಗೆ, ಪೆಟ್ಟಿಗೆ ಕೂತಿತು. ಸಿಗ್ನಲ್ಲು ಅಡುಗೆ ಮನೆ ದಾಟಲಿಲ್ಲ. ನಾನು ಫೋನು ಹಿಡಿದು ಹಿತ್ತಲಲ್ಲಿ ತಿರುಗಿ, ಗೋಡೆ ದಪ್ಪವಾಯಿತು ಎಂದು ಒಂದು ವಾರ ಪಾಠ ಮಾಡಿದೆ. ಲೋಹ ಅಡ್ಡ ಬಂದರೆ ತರಂಗ ದಾಟುವುದಿಲ್ಲವೆಂದು ಪ್ರತಿ ವರ್ಷ ಒಂಬತ್ತನೇ ಇಯತ್ತೆಗೆ ಹೇಳುವವನು ನಾನೇ. ಎಂಟು ಹಿತ್ತಾಳೆ ಕೊಡ ಕಣ್ಣೆದುರು ಹೊಳೆಯುತ್ತಿದ್ದವು, ಕಾಣಲಿಲ್ಲ.

ಕಡೆಗೆ ಹೊಳೆದು, ಕೊಡ ಇಳಿಸೋಣ ಎಂದೆ. ‘ನಮ್ಮಪ್ಪ ಮುದ್ದೇಬಿಹಾಳ ಸಂತಿಯಿಂದ ಬಂಡಿಯೊಳಗ ಹೇರಿ ಕಳಿಸಿದ ಕೊಡ ಅವು. ನಿನ್ನೆ ಬಂದ ಡಬ್ಬಿ ಸಲವಾಗಿ ಇಳಿಸ್ಬೇಕೇನ್ರಿ? ಡಬ್ಬೀನ ಇಳಿಸ್ರಿ’ ಎಂದರು ಕಾಕು. ನ್ಯಾಯವಾದ ಮಾತು. ಪೆಟ್ಟಿಗೆ ಹಿಂಬಾಗಿಲ ಗೂಟಕ್ಕೆ ಬಂತು. ಈಗ ಸಿಗ್ನಲ್ಲು ಬೇವಿನ ಮರ ದಾಟಿ ಶೆಡ್ಡಿನವರೆಗೆ ಹೋಯಿತು. ಒಳಗೆ ಮಾತ್ರ ಕಾಲಿಡಲಿಲ್ಲ, ಕರೆಯದೆ ಒಳಗೆ ಬಾರದ ಬೀಗರ ಹಾಗೆ ಬಾಗಿಲಲ್ಲೇ ನಿಂತಿತು. ಸುತ್ತಲೂ ತಗಡು. ಅದರೊಳಗೆ ಫೋನಿನ ಸ್ವಂತ ನೆಟ್‌ವರ್ಕೂ ಮೊದಲಿನಿಂದ ಬರುತ್ತಿರಲಿಲ್ಲ.

‘ನಾ ಮೊದಲ ಅಂದಿದ್ನಿಲ್ರಿ?’ ಎಂದರು ಕಾಕಾ ಖುಷಿಯಿಂದ. ‘ಗಾಳ್ಯಾಗ ಬರೂದೆಲ್ಲ ಗಾಳೀನ. ತಂತಿ ಬೇಕು.’

ತಂತಿಯ ವಿಷಯ ಬಂದ ಮೇಲೆ ನನ್ನ ಮಾತು ಕೇಳಲಿಲ್ಲ. ಮೇಲೆ ಎಳೆದರೆ ಬೇವಿನ ಟೊಂಗೆ ಬಿದ್ದು ಹರಿದೀತು ಎಂದು ನೆಲದೊಳಗೆ ಹಾಕುವುದೆಂದು ತಾವೇ ತೀರ್ಮಾನಿಸಿದರು. ಮೊಳದಾಳ ಕಾಲುವೆ ತೋಡಿದರು. ಕೇಬಲ್ಲು ಎರಡು ತುಂಡಿತ್ತು, ಅದನ್ನು ಬೆಸುಗೆ ಹಾಕಿ ಒಂದು ಮಾಡಿದರು. ಹಳೆಯ ನೀರಿನ ಪೈಪಿನಲ್ಲಿ ಅದನ್ನು ತೂರಿಸಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿಯಿಂದ ಜಗ್ಗಿದರು. ತಂತಿ ಬಾಣದ ಹಾಗೆ ನೆಟ್ಟಗಾಗುವವರೆಗೆ ಬಿಡಲಿಲ್ಲ. ಮೋಟರಿನೊಳಗೆ ಸುತ್ತು ಸಡಿಲಾದರೆ ತಂತಿ ನಡುಗಿ, ಉಜ್ಜಿ, ಸುಡುತ್ತದೆ. ನಲವತ್ತು ವರ್ಷ ಬಿಗಿ ಎಳೆದ ಕೈ ಅದು, ಸಡಿಲು ಬಿಡುವುದೆಂದರೆ ಅದಕ್ಕೆ ಕಳ್ಳಕೆಲಸ.

ಶೆಡ್ಡಿನ ಕೀಲಿ ತೆಗೆದು, ತಂತಿಯ ತುದಿಗೆ ಒಳಗೆ ಇನ್ನೊಂದು ಸಣ್ಣ ಪೆಟ್ಟಿಗೆ ಕೂಡಿಸಿದರು. ಕಾಕಾನ ಎದುರು ಮೊಳೆಗೆ ಒಂದು ಫೋನು ತೂಗುಬಿದ್ದಿತು, ಅದರ ತುಂಬ ಹೊರಸು. ಚಳಿಗಾಲ ಪೂರ್ತಿ ಮೋಟರುಗಳು ಬಂದವು, ಹೋದವು. ಕರೆಂಟು ಹೋದರೂ ಪೆಟ್ಟಿಗೆ ನಡೆಯಲೆಂದು ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಜೋಡಿಸಿದರು. ನಾನು ಮಾಡಿದ ಪುಣ್ಯಕಾರ್ಯವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಕಾಕು ಮಾತ್ರ ಮೊದಲಿನ ಹಾಗೆ ನಗುತ್ತಿರಲಿಲ್ಲ. ಸೆರಗು ಸರಿಮಾಡಿಕೊಳ್ಳುತ್ತ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ನಾನು ಅದನ್ನು ರೋಗದ ಖಾತೆಗೆ ಹಾಕಿದೆ.

ಶಿವರಾತ್ರಿ ಕಳೆದು ಬಿಸಿಲು ಏರಿತು, ತಂತಿ ಸತ್ತಿತು. ಕಾಕಾ ಅಗೆದು ನೋಡಿದರೆ ಬೆಸುಗೆ ಹಾಕಿದಲ್ಲೇ ಹರಿದಿತ್ತು. ಹೆಗ್ಗಣವನ್ನು ಬೈದು, ಮತ್ತೆ ಬೆಸೆದು, ಇನ್ನೂ ಬಿಗಿಯಾಗಿ ಜಗ್ಗಿ ಮುಚ್ಚಿದರು. ಹದಿನೈದು ದಿನಕ್ಕೆ ಮತ್ತೆ ಹರಿಯಿತು. ಈ ಸಲ ಹೊಸ ಕೇಬಲ್ಲು ತಂದರು, ಬೆಸುಗೆಯೇ ಇಲ್ಲದ್ದು. ಅದು ಶೆಡ್ಡಿನ ಗೋಡೆಯ ಬಳಿ ಕಿತ್ತುಕೊಂಡು ಬಂತು. ಕಾಕಾ ಹಿತ್ತಲ ನಡುವೆ ತಲೆಗೆ ಕೈ ಹೊತ್ತು ಕೂತರು. ಅವರ ಕೆಲಸ ಅವರಿಗೇ ಕೈಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಒಳಗಿನಿಂದ ಕಾಕು ನನ್ನನ್ನು ಕರೆದರು. ಕಾಕಾನೂ ಹಿಂದೆ ಬಂದರು.

‘ಯಾಕ ಹರಿತೈತಿ ಅಂತ ನನಗ ಗೊತ್ತೈತಿ. ಹೇಳ್ತೇನಿ. ಆದ್ರ ನಂದೊಂದು ಮಾತು ನಡಸ್ಬೇಕು.’

‘ಏನ ಮಾತು?’

‘ಮೊದಲ ನಡಸ್ತೇನಿ ಅನ್ರಿ. ಮಾಸ್ತರ ಸಾಕ್ಷಿ.’

ಕಾಕಾ ಹೂಂ ಎಂದರು. ಬೇರೆ ದಾರಿ ಇರಲಿಲ್ಲ.

‘ನಮ್ಮ ತವರಿಂದು ಡೋಣಿ ಹೊಳಿ ದಂಡಿ ಕರಿ ಎರಿ ಹೊಲ. ಬ್ಯಾಸಗ್ಯಾಗ ನೆಲ ಬಾಯಿ ಬಿಟ್ರ ಕುರಿಮರಿ ಕಾಲು ಸಿಕ್ಕೊಂಡು ಮುರೀತಿದ್ವು. ಎರಿ ಮಣ್ಣ ಬಿಸಿಲಿಗೆ ಕುಗ್ಗತೈತಿ, ಮಳಿಗೆ ಉಬ್ಬತೈತಿ. ನಮ್ಮಪ್ಪ ಬೇಲಿ ತಂತಿನೂ ಸಡಿಲ ಬಿಡ್ತಿದ್ದ. ನೀವು ಬಿಗಿ ಮಾಡಿದಷ್ಟೂ ಅದು ಹರಿಯೂದ. ಹಾವಿನಂಗ ಡೊಂಕ ಡೊಂಕ ಹಾಕ್ರಿ.’

ನಾನೂ ಕಾಕಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಹಿತ್ತಲ ತುಂಬ ಬಿರುಕುಗಳು ಇದ್ದವು, ದಿನಾ ದಾಟಿಯೇ ಓಡಾಡುತ್ತಿದ್ದೆವು. ಹೆಂಗಸಿನ ಮುಂದೆ ಇಬ್ಬರು ಗಂಡಸರು ಇಷ್ಟು ಪೆದ್ದರಾಗಿ ನಿಂತದ್ದು ನನಗಂತೂ ಹೊಸದಲ್ಲ, ಕಾಕಾನಿಗೆ ಹೊಸದು.

‘ಈಗ ನನ್ನ ಮಾತು’ ಎಂದರು ಕಾಕು. ‘ಆ ಕ್ಯಾಮೆರಾ ತಗೀರಿ. ಮಗ್ಗಲಾ ಹೊಳ್ಳಿದ್ರ ನೋಡ್ತೀರಿ, ಕೆರ್ಕೊಂಡ್ರ ನೋಡ್ತೀರಿ, ಬಾಯಿ ತಗದು ಮಲಗಿದ್ರ ನೋಡ್ತೀರಿ. ತಂತಿ ಹರಿದ ದಿನಗೋಳಷ್ಟ ನಾ ಆರಾಮ ಇದ್ನಿ. ಅದನ್ನ ಒಯ್ದು ಶೆಡ್ಡಿನ್ಯಾಗ ಹಚ್ರಿ. ಫೋನ್ ನನಗ ಕೊಡ್ರಿ. ನೀವು ನನ್ನ ನೋಡೂದ ಬ್ಯಾಡ, ನಾ ನಿಮ್ಮನ್ನ ನೋಡ್ತೇನಿ.’

‘ಏನರ ಆದ್ರ?’

‘ಕರೀತೇನಿ. ಬಾಯಿ ಐತಿ.’

‘ಕರ್ಯಾಕ ಆಗದಂಗ ಆದ್ರ?’

‘ಆಗ ನೀವು ಓಡಿ ಬಂದೂ ಏನ ಮಾಡವ್ರದೀರಿ?’

ಕಾಕಾ ಎದ್ದು ಹೊರಗೆ ಹೋದರು. ಎರಡು ದಿನ ಕಾಲುವೆಯ ಮಣ್ಣು ಮುಟ್ಟಲಿಲ್ಲ. ಮೂರನೆಯ ದಿನ ಪೈಪು ಕಿತ್ತು ಹಾಕಿ, ಕಾಲುವೆ ಅಗಲ ಮಾಡಿ ತಂತಿಯನ್ನು ಹಾವಿನ ಹಾಗೆ ಡೊಂಕು ಡೊಂಕಾಗಿ ಮಲಗಿಸಿದರು. ಆಮೇಲೆ ಮನೆಯೊಳಗಿನ ಕ್ಯಾಮೆರಾ ಬಿಚ್ಚಿ ಶೆಡ್ಡಿನ ತೊಲೆಗೆ, ತಮ್ಮ ಮುಖದ ಎದುರು, ಮೊಳೆ ಹೊಡೆದು ಕೂಡಿಸಿದರು.

ಆ ಮೇಲಿನ ಒಂದೂವರೆ ವರ್ಷ ಆ ಶೆಡ್ಡಿನ ಒಡೆತನ ಕಾಕುನದು. ಕ್ಯಾಮೆರಾದೊಳಗೆ ಮಾತಾಡುವ ಸೌಲಭ್ಯವೂ ಇತ್ತು. ರೈತ ಬಂದು ಬೆಂಚಿನ ಮೇಲೆ ಕೂತರೆ ತೊಲೆಯ ಮೇಲಿಂದ ಹೆಂಗಸಿನ ದನಿ: ‘ಯಾವೂರಪಾ? ಪೈರು ಏನೈತಿ?’ ಆತ ಗಾಬರಿಯಾಗಿ ಮೇಲೆ ನೋಡಿ ನಮಸ್ಕಾರ ಮಾಡುತ್ತಿದ್ದ. ‘ಆ ತಮ್ಮಂದು ಮೊದಲ ಮಾಡಿ ಕೊಡ್ರಿ, ತೊಗರಿ ಹೂವಿಗೆ ಬಂದೈತಂತ. ಕಬ್ಬಿನವ್ರು ಕಾಯ್ಲಿ’ ಎಂದು ತೀರ್ಪೂ ಅಲ್ಲಿಂದಲೇ. ಕಾಕಾ ಗೊಣಗುತ್ತಿದ್ದರು, ಹಾಗೆಯೇ ಮಾಡುತ್ತಿದ್ದರು.

ಸುತ್ತು ಎಣಿಸುವುದೂ ಆಕೆಯ ಪಾಲಿಗೆ ಹೋಯಿತು. ಸುರುಳಿಗೆ ಇಷ್ಟೇ ಸುತ್ತು ಎಂಬ ಲೆಕ್ಕವಿರುತ್ತದೆ, ನಡುವೆ ಯಾರಾದರೂ ಮಾತಾಡಿಸಿದರೆ ತಪ್ಪುತ್ತದೆ. ಈಗ ಕಾಕಾ ಸುತ್ತುತ್ತಿದ್ದರು, ಹೊರಸಿನ ಮೇಲೆ ಮಲಗಿ ಕಾಕು ಎಣಿಸುತ್ತಿದ್ದರು. ಗೋಡೆಯ ಈಚೆ ನಾನು ಉತ್ತರಪತ್ರಿಕೆ ತಿದ್ದುತ್ತ ಕೂತರೆ ಎರಡೂ ಕಡೆಯಿಂದ ಒಂದೇ ಎಣಿಕೆ ಕೇಳುತ್ತಿತ್ತು, ಶೆಡ್ಡಿನದು ಒಂದು ಗಳಿಗೆ ತಡವಾಗಿ. ನನಗೆ ಆ ಸದ್ದು ಬಹಳ ಇಷ್ಟವಿತ್ತು. ಮೂವತ್ತೈದು ವರ್ಷ ಸಂಸಾರ ಮಾಡಿದವರು ಹೊಸದಾಗಿ ಜೊತೆ ಸೇರಿದಂತಿತ್ತು.

ಕಾರ್ತಿಕದ ಒಂದು ಮಧ್ಯಾಹ್ನ ಕಾಕು ಹೋದರು. ಎಣಿಸುತ್ತ ಎಣಿಸುತ್ತ ಸುಮ್ಮನಾದರು. ಕಾಕಾ ನಿದ್ದೆ ಹತ್ತಿತೆಂದು ತಿಳಿದು ತಾವೇ ಎಣಿಸಿಕೊಂಡು ಸುರುಳಿ ಮುಗಿಸಿ, ಒಂದು ತಾಸಿನ ಮೇಲೆ ಚಹಾ ಮಾಡಲು ಮನೆಯೊಳಗೆ ಬಂದರು. ನನ್ನನ್ನು ಕೂಗಿದ ದನಿ ಈಗಲೂ ಕಿವಿಯಲ್ಲಿದೆ.

ಬಸವನ ಬಾಗೇವಾಡಿಯಿಂದ ಮಗಳು ಬಂದಳು. ಅತ್ತು ಸಾಕಾದ ಮೇಲೆ ಎಲ್ಲರೆದುರು ಕೇಳಿದಳು: ‘ಕ್ಯಾಮೆರಾ ಅವ್ವನ ಕಡೆ ಇದ್ದಿದ್ರ ಕಾಣತಿತ್ತಲ್ಲೋ ಯಪ್ಪಾ? ಯಾಕ ತಿರುಗಿಸಿದಿ?’ ಕೂತಿದ್ದ ಜನವೂ ಅದನ್ನೇ ಅಂದುಕೊಂಡಿದ್ದರು, ಮುಖದಲ್ಲೇ ಕಾಣುತ್ತಿತ್ತು. ಕಾಕಾ ಔಷಧದ ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು. ನಾನು ಸಾಕ್ಷಿಯಾಗಿದ್ದವನು, ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಅದು ನನಗೆ ಇವತ್ತಿಗೂ ನಾಚಿಕೆಯ ವಿಷಯ. ಶೆಡ್ಡಿಗೆ ಮತ್ತೆ ಕೀಲಿ ಬಿತ್ತು.

ಮಗಳು ಊರಿಗೆ ಹೋದ ಮೇಲೆ ಒಂದು ಸಂಜೆ ಕಾಕಾ ಗೋಡೆಯ ಬಳಿ ಬಂದು ಬೆರಳ ತುದಿಯಲ್ಲಿ ಏನೋ ಚಾಚಿದರು. ಕ್ಯಾಮೆರಾದ ಮೆಮರಿ ಕಾರ್ಡು. ‘ಅವತ್ತಿಂದು ಇದರಾಗ ಇದ್ರ ನೋಡ್ರಿ’ ಎಂದರು.

ಒಳಗೆ ಕರೆದು ಲ್ಯಾಪ್‌ಟಾಪಿಗೆ ಹಾಕಿದೆ. ಇತ್ತು. ಕಾಕಾ ಪರದೆ ನೋಡಲಿಲ್ಲ. ಕನ್ನಡಕ ತೆಗೆದು ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಕೂತರು. ನಾನು ನೋಡಿದೆ. ಶೆಡ್ಡು. ಬೆಂಚಿನ ಮೇಲೊಬ್ಬ ರೈತ. ಕಾಕಾ ತಂತಿ ಸುತ್ತುತ್ತಿದ್ದಾರೆ. ತೊಲೆಯ ಮೇಲಿಂದ ಕಾಕುನ ದನಿ, ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು. ಆಮೇಲೆ ಇಲ್ಲ. ಕಾಕಾನ ಕೈ ನಿಂತಿತು. ‘ಮುಂದ?’ ಎಂದು ತಲೆಯೆತ್ತಿ ಕ್ಯಾಮೆರಾದ ಕಡೆ ನೋಡಿದರು. ಸ್ವಲ್ಪ ಹೊತ್ತು ಹಾಗೆಯೇ ನೋಡಿದರು. ರೈತ ಏನೋ ಹೇಳಿ ಜೋರಾಗಿ ನಕ್ಕ. ಕಾಕಾ ಬಾಯಿಯ ಮೇಲೆ ಬೆರಳಿಟ್ಟರು: ‘ಮೆಲ್ಲಕೋ ತಮ್ಮಾ. ಮಲಗ್ಯಾಳ.’ ಆಮೇಲೆ ಸುತ್ತಿದ್ದನ್ನೆಲ್ಲ ಬಿಚ್ಚಿ, ಪಿಸುದನಿಯಲ್ಲಿ ಒಂದರಿಂದ ಎಣಿಸಲು ಶುರುಮಾಡಿದರು.

ನಾನು ನಿಲ್ಲಿಸಿದೆ. ಕಾಕಾ ಗೋಡೆಯ ಕಡೆಗೇ ಇದ್ದರು.

‘ಮಾಸ್ತರ, ನಾ ಮ್ಯಾಲೆ ನೋಡಿದ್ನಿಲ್ರಿ, ಮುಂದ ಅಂತ. ಆಗ ನನ್ನ ಮಾರಿ ಹೆಂಗಿತ್ರಿ? ಆಕಿ ಕಡೀಕ ನೋಡಿದ್ದು ಅದ ಇರಬೇಕು. ಬೆಳಿಗ್ಗೆ ಆಕಿ ಕೂಡ ಒಂದೀಟು ಬಾಯಿ ಮಾಡಿದ್ನಿ. ಸಿಟ್ಟಿನ ಮಾರಿ ಇತ್ತೇನು?’

ನಾನು ಆ ಜಾಗಕ್ಕೆ ಹಿಂದೆ ಸರಿಸಿ ನೋಡಿದೆ. ಅವರ ಬೆನ್ನಿಗೆ ಶೆಡ್ಡಿನ ಬಾಗಿಲು, ಬಾಗಿಲ ತುಂಬ ಮಧ್ಯಾಹ್ನದ ಬಿಸಿಲು. ಮುಖ ಇದ್ದ ಕಡೆ ಬರೀ ಕಪ್ಪು. ಕಣ್ಣೂ ಕಾಣುತ್ತಿರಲಿಲ್ಲ, ಬಾಯಿಯೂ ಕಾಣುತ್ತಿರಲಿಲ್ಲ.

‘ಇಲ್ಲ ಕಾಕಾ,’ ಎಂದೆ, ‘ನಗಾಕತ್ತಿದ್ರಿ.’

‘ಹೌದ?’

‘ಹೌದ್ರಿ.’

ಅವರು ಕನ್ನಡಕ ಹಾಕಿಕೊಂಡರು. ‘ಹಂಗಾರ ಬಿಡ್ರಿ’ ಎಂದು ಎದ್ದು ಹೋದರು. ಮರುದಿನ ಶೆಡ್ಡು ತೆರೆದರು.